ಮುಂಬಯಿಯ ಜಾಲತಾಣ ವಿನ್ಯಾಸ ಮತ್ತು ಕನ್ನಡದ ಅಕ್ಷರ

1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮವು ದೇಶದ ಸಾರ್ವಜನಿಕರಿಗೆ ಅಂತರಜಾಲ ಸೇವೆಯನ್ನು ಮೊದಲ ಬಾರಿಗೆ ಒದಗಿಸಿತು. ನಿಗಮದ ಕೇಂದ್ರ ಕಚೇರಿ ಮುಂಬಯಿಯಲ್ಲಿತ್ತು; ಸೇವೆ ಆರಂಭವಾದ ಮೊದಲ ನಗರಗಳಲ್ಲಿ ಮುಂಬಯಿಯೂ ಒಂದು. ದೂರವಾಣಿ ತಂತಿಯ ಮೂಲಕ ಸೆಕೆಂಡಿಗೆ 9.6 ಕಿಲೋಬಿಟ್ ವೇಗದಲ್ಲಿ ಮಾಹಿತಿ ಹರಿದುಬರುತ್ತಿದ್ದ ಆ ದಿನಗಳಲ್ಲಿ, 30 ಕಿಲೋಬೈಟಿನ ಒಂದು ಚಿಕ್ಕ ಚಿತ್ರವು ಪರದೆಯ ಮೇಲೆ ಪೂರ್ಣವಾಗಿ ಮೂಡಲು ಕನಿಷ್ಠ 25 ಸೆಕೆಂಡುಗಳು ಬೇಕಾಗುತ್ತಿದ್ದವು. ಅಷ್ಟೇ ಹೊತ್ತಿನಲ್ಲಿ ಇಂಗ್ಲಿಷಿನ ಹತ್ತು ಹದಿನೈದು ಪುಟಗಳಷ್ಟು ಬರಹವು ಬಂದು ಸೇರಬಹುದಾಗಿತ್ತು. ಚಿತ್ರಕ್ಕೂ ಅಕ್ಷರಕ್ಕೂ ಇರುವ ಈ ವ್ಯತ್ಯಾಸವು ಕನ್ನಡದ ಪಾಲಿಗೆ ಬಹುಕಾಲ ತೊಡಕಾಗಿಯೇ ಉಳಿಯಿತು.

ಒಂದು ಸಂಸ್ಥೆಯ ವಿವರಗಳನ್ನು ಪುಟಗಳ ರೂಪದಲ್ಲಿ ಅಂತರಜಾಲದಲ್ಲಿ ಇರಿಸುವ ವ್ಯವಸ್ಥೆಗೆ ಜಾಲತಾಣವೆಂದು ಹೆಸರು. ಅಂತಹ ಪುಟಗಳನ್ನು ರೂಪಿಸಿಕೊಡುವ ವೃತ್ತಿಯು ಮುಂಬಯಿಯಲ್ಲಿ ಜಾಹೀರಾತು ಕ್ಷೇತ್ರದ ಮಗ್ಗುಲಲ್ಲಿಯೇ ಬೆಳೆಯಿತು. ರಿಡಿಫ್ಯೂಷನ್ ಜಾಹೀರಾತು ಸಂಸ್ಥೆಯ ಸಂಸ್ಥಾಪಕರಲ್ಲಿ ಒಬ್ಬರಾದ ಅಜಿತ್ ಬಾಲಕೃಷ್ಣನ್ ಅವರೇ 1996ರಲ್ಲಿ ರೀಡಿಫ್ ಜಾಲತಾಣವನ್ನು ಆರಂಭಿಸಿದರೆಂಬುದನ್ನು ಇಲ್ಲಿ ಸ್ಮರಿಸಬಹುದು. 1982ರ ಮಹಾಮುಷ್ಕರದ ನಂತರ ಒಂದೊಂದಾಗಿ ನಿಂತುಹೋದ ಬಟ್ಟೆ ಗಿರಣಿಗಳ ಆವರಣಗಳಲ್ಲಿ, ಲೋವರ್ ಪರೇಲ್ ಸುತ್ತಮುತ್ತ, ಕಾಲಕ್ರಮದಲ್ಲಿ ಜಾಹೀರಾತು ಮತ್ತು ವಿನ್ಯಾಸ ಕಚೇರಿಗಳು ತಲೆಯೆತ್ತಿದವು. ನೂಲಿನ ಕಸುಬು ಹೋಗಿ ಬೇರೊಂದು ಬಗೆಯ ನೇಯ್ಗೆ ಬಂದಿತಾದರೂ, ಹಳೆಯ ಗಿರಣಿ ಕೆಲಸಗಾರರಿಗೆ ಅದರಲ್ಲಿ ಪಾಲು ದೊರೆಯಲಿಲ್ಲ.

ವಿನ್ಯಾಸ ಸಂಸ್ಥೆಗಳು ಸಾಮಾನ್ಯವಾಗಿ ಇಬ್ಬರಿಂದ ಆರಂಭವಾಗುತ್ತವೆ. ಒಬ್ಬರು ಪುಟದ ರೂಪವನ್ನು ಬರೆದರೆ ಮತ್ತೊಬ್ಬರು ಅದನ್ನು ಗಣಕದ ಸಂಕೇತಗಳಲ್ಲಿ ಕಟ್ಟುತ್ತಾರೆ. ಗಿರಾಕಿಯೊಡನೆ ಮಾತನಾಡುವವರೂ ಇವರೇ. ಸಂಸ್ಥೆ ಬೆಳೆದಂತೆ ಈ ಕೆಲಸಗಳು ಬೇರೆ ಬೇರೆ ಕೈಗಳಿಗೆ ಹಂಚಿಹೋಗುತ್ತವೆ. ಮಾಟುಂಗಾದ ಹೋಟೆಲಿನ ಮಾಲೀಕರು ಹೇಳಿದ ಮಾತು ಮೂರು ಮೇಜುಗಳನ್ನು ದಾಟಿ, ಕನ್ನಡವನ್ನೇ ಅರಿಯದ ವಿನ್ಯಾಸಕಾರರಿಗೆ ತಲುಪುವಾಗ ಪುಟದ ಅಂದ ಉಳಿದಿರುತ್ತದೆ, ಅಕ್ಷರದ ಮಾತು ಬಿಟ್ಟುಹೋಗಿರುತ್ತದೆ. ಹಗಲು ಹೋಟೆಲುಗಳಲ್ಲಿ ದುಡಿದು ಇರುಳು ಕನ್ನಡ ರಾತ್ರಿಶಾಲೆಗಳಲ್ಲಿ ಓದಿದ ಜನರನ್ನು ಕಂಡ ಈ ನಗರದಲ್ಲಿ, 1926ರಷ್ಟು ಹಿಂದೆಯೇ ಮೈಸೂರು ಅಸೋಸಿಯೇಷನ್ ಸ್ಥಾಪನೆಗೊಂಡ ಈ ನಗರದಲ್ಲಿ, ಇದನ್ನು ಸಣ್ಣ ಸಂಗತಿಯೆಂದು ತಳ್ಳಿಹಾಕುವಂತಿಲ್ಲ.

ತೊಡಕಿನ ಮೂಲವನ್ನು ತಿಳಿಯಬೇಕಾದರೆ ಗಣಕವು ಅಕ್ಷರವನ್ನು ಹೇಗೆ ಇರಿಸಿಕೊಳ್ಳುತ್ತದೆ ಎಂಬುದನ್ನು ನೋಡಬೇಕು. ಗಣಕಕ್ಕೆ ಅಕ್ಷರದ ಆಕಾರ ತಿಳಿಯದು. ಅದು ಸಂಖ್ಯೆಯನ್ನು ಮಾತ್ರ ಬಲ್ಲುದು. ಆರಂಭದ ವರ್ಷಗಳ ಅನೇಕ ಕನ್ನಡ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸಂಖ್ಯೆಗಳ ಜಾಗದಲ್ಲಿಯೇ ಕನ್ನಡ ಅಕ್ಷರಗಳ ತುಂಡುಗಳನ್ನು, ಅಂದರೆ ತಲೆಕಟ್ಟು, ಕೊಂಬು, ಒತ್ತು ಇವುಗಳ ರೂಪಗಳನ್ನು, ಕೂರಿಸಲಾಗಿತ್ತು. ಅದೇ ಫಾಂಟು ಓದುಗರ ಗಣಕದಲ್ಲಿಯೂ ಇದ್ದರೆ ಕನ್ನಡ ಕಾಣಿಸುತ್ತಿತ್ತು. ಇಲ್ಲದಿದ್ದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣಿಸುತ್ತಿತ್ತು. ಈ ಅಪಾಯವನ್ನು ತಪ್ಪಿಸಲು ವಿನ್ಯಾಸಕಾರರು ಕನ್ನಡದ ಸಾಲುಗಳನ್ನು ಚಿತ್ರಗಳನ್ನಾಗಿ ಮಾಡಿ ಅಂಟಿಸುತ್ತಿದ್ದರು. ಅದು ನೋಡಲು ಅಚ್ಚುಕಟ್ಟಾಗಿದ್ದರೂ ಆ ಬರಹವನ್ನು ಹುಡುಕಲಾಗದು, ತಿದ್ದಲಾಗದು. ದೃಷ್ಟಿಹೀನರಿಗಾಗಿ ಪುಟವನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶಕ್ಕೆ ಅಲ್ಲಿ ಅಕ್ಷರವೇ ಸಿಗದು.

ಪ್ರಪಂಚದ ಎಲ್ಲ ಲಿಪಿಗಳ ಪ್ರತಿಯೊಂದು ಅಕ್ಷರಕ್ಕೂ ಪ್ರತ್ಯೇಕ ಸಂಖ್ಯೆಯನ್ನು ನಿಗದಿಪಡಿಸುವ ಯೂನಿಕೋಡ್ ಪದ್ಧತಿಯಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಸ್ಥಾನವಿದೆ. ‘ಕನ್ನಡ’ ಎಂಬ ಪದವು ಅದರಲ್ಲಿ ಕ, ನ, ವಿರಾಮ ಚಿಹ್ನೆ, ನ, ಡ ಎಂಬ ಐದು ಸಂಖ್ಯೆಗಳಾಗಿ ದಾಖಲಾಗುತ್ತದೆ. ನಡುವಣ ಮೂರನ್ನು ಕೂಡಿಸಿ ‘ನ್ನ’ ಎಂದು ತೋರಿಸುವ ಹೊಣೆ ಗಣಕದ ಲಿಪಿಜೋಡಣಾ ತಂತ್ರಾಂಶ ಮತ್ತು ಫಾಂಟಿನದು. ಆದರೆ ಸಂಖ್ಯೆ ಸಿಕ್ಕಿದ ಮಾತ್ರಕ್ಕೆ ಅಕ್ಷರ ಮೂಡುವುದಿಲ್ಲ. ಅಕ್ಷರವನ್ನು ಯಾರಾದರೂ ಬರೆಯಬೇಕು. ಈ ಕಾರ್ಯದಲ್ಲಿ ಮುಂಬಯಿಯ ಪಾತ್ರ ಹಿರಿದು. ಉಲ್ಕಾ ಜಾಹೀರಾತು ಸಂಸ್ಥೆಯಲ್ಲಿ ಕಲಾ ನಿರ್ದೇಶಕರಾಗಿದ್ದು, ಬಳಿಕ ಪವಯಿಯ ಐ.ಐ.ಟಿ.ಯ ಕೈಗಾರಿಕಾ ವಿನ್ಯಾಸ ಕೇಂದ್ರದಲ್ಲಿ ಅಧ್ಯಾಪಕರಾಗಿದ್ದ ಮರಾಠಿ ಕವಿ, ಲಿಪಿಕಾರ ಆರ್. ಕೆ. ಜೋಶಿ ಅವರು ಜುಹುವಿನ ರಾಷ್ಟ್ರೀಯ ತಂತ್ರಾಂಶ ತಂತ್ರಜ್ಞಾನ ಕೇಂದ್ರದಲ್ಲಿ ಭಾರತೀಯ ಲಿಪಿಗಳ ಫಾಂಟುಗಳ ನಿರ್ಮಾಣಕ್ಕೆ ಮಾರ್ಗದರ್ಶನ ನೀಡಿದರು. ವಿಂಡೋಸ್ ಎಕ್ಸ್‌ಪಿ ವ್ಯವಸ್ಥೆಯೊಡನೆ 2001ರಲ್ಲಿ ಬಂದ ‘ತುಂಗಾ’ ಎಂಬ ಕನ್ನಡ ಫಾಂಟು ಅವರ ನಿರ್ದೇಶನದಲ್ಲಿ ರೂಪುಗೊಂಡುದು. ಮರಾಠಿಗರೊಬ್ಬರ ಕಣ್ಗಾವಲಿನಲ್ಲಿ, ಅರಬ್ಬೀ ಸಮುದ್ರದ ದಡದಲ್ಲಿ ಸಿದ್ಧವಾದ ಅಕ್ಷರಗಳನ್ನು ಕನ್ನಡಿಗರು ಅವುಗಳ ಊರು ಯಾವುದೆಂದು ತಿಳಿಯದೆಯೇ ವರ್ಷಗಳ ಕಾಲ ಓದಿದರು. ಜೋಶಿಯವರು 2008ರಲ್ಲಿ ನಿಧನರಾದರು. ಇತ್ತೀಚೆಗೆ ಮುಂಬಯಿಯ ‘ಏಕ್ ಟೈಪ್’ ಸಂಸ್ಥೆಯು ‘ಬಾಲೂ ತಮ್ಮ’ ಎಂಬ ಕನ್ನಡ ಫಾಂಟನ್ನು ಎಲ್ಲರ ಮುಕ್ತ ಬಳಕೆಗೆ ನೀಡಿದೆ.

ಇಂದು ಅಕ್ಷರದ ಕೊರತೆಯಿಲ್ಲ. ಕೊರತೆಯಿರುವುದು ವಿನ್ಯಾಸದ ಕ್ರಮದಲ್ಲಿ. ಪುಟವನ್ನು ಮೊದಲು ಇಂಗ್ಲಿಷಿನಲ್ಲಿ, ಎಷ್ಟೋ ವೇಳೆ ಅರ್ಥವಿಲ್ಲದ ಲ್ಯಾಟಿನ್ ಸಾಲುಗಳನ್ನು ತುಂಬಿ ರಚಿಸಿ, ಕನ್ನಡವನ್ನು ಕಡೆಯಲ್ಲಿ ಸುರಿಯಲಾಗುತ್ತದೆ. ‘ರಾಷ್ಟ್ರೀಯ’ದಂತಹ ಪದದ ಒತ್ತುಗಳು ಕೆಳಗಿನ ಸಾಲಿಗೆ ತಾಗುತ್ತವೆ ಅಥವಾ ಅರ್ಧಕ್ಕೆ ಕತ್ತರಿಸಿಹೋಗುತ್ತವೆ, ಏಕೆಂದರೆ ಸಾಲುಗಳ ನಡುವಣ ಅಂತರವು ಇಂಗ್ಲಿಷಿಗೆ ಅಳೆದದ್ದು. ಚಿಕ್ಕ ಗುಂಡಿಯೊಳಗೆ ‘ಸಂಪರ್ಕಿಸಿ’ ಎಂಬ ಪದ ಹಿಡಿಸುವುದಿಲ್ಲ. ಕನ್ನಡದಲ್ಲಿ ವಾಡಿಕೆಯಿಲ್ಲದ ಓರೆ ಅಕ್ಷರಗಳನ್ನು ಯಂತ್ರವೇ ಬಾಗಿಸಿ ಕೊಡುತ್ತದೆ. ಕನ್ನಡದ ನಿಜವಾದ ಬರಹವನ್ನು ಮೊದಲ ದಿನವೇ ವಿನ್ಯಾಸಕಾರರ ಕೈಗೆ ಕೊಟ್ಟರೆ ಇವುಗಳಲ್ಲಿ ಬಹುಪಾಲು ದೋಷಗಳು ಹುಟ್ಟುವುದೇ ಇಲ್ಲ.

ಸರ್ಕಾರಿ ಜಾಲತಾಣಗಳಿಗೆ ಸಂಬಂಧಿಸಿದಂತೆ 2009ರಲ್ಲಿ ಮೊದಲ ಮಾರ್ಗಸೂಚಿಗಳನ್ನು ಹೊರಡಿಸಲಾಯಿತು. ಅವುಗಳನ್ನು 2023ರಲ್ಲಿ ಮತ್ತೆ ಪರಿಷ್ಕರಿಸಲಾಗಿದೆ. ಸಂಘ ಸಂಸ್ಥೆಗಳೂ ಚಿಕ್ಕ ವರ್ತಕರೂ ಈ ಮಾರ್ಗಸೂಚಿಗಳನ್ನು ಮಾದರಿಯಾಗಿ ಇಟ್ಟುಕೊಳ್ಳಬಹುದು.

ಜಾಲತಾಣವನ್ನು ಮಾಡಿಸುವವರು ಕರಾರಿನಲ್ಲಿ ಗಮನಿಸಬೇಕಾದ ಮುಖ್ಯ ಸಂಗತಿ ಜಾಲವಿಳಾಸದ ಒಡೆತನ. ‘ಡಾಟ್ ಇನ್’ ಹೆಸರುಗಳ ನೋಂದಣಿಯು 2005ರಿಂದ ಸಾರ್ವಜನಿಕರಿಗೆ ಮುಕ್ತವಾಗಿದೆ. ಕನ್ನಡ ಲಿಪಿಯಲ್ಲಿಯೇ ‘ಭಾರತ’ ಎಂಬ ಅಂತ್ಯಪದವುಳ್ಳ ವಿಳಾಸಕ್ಕೂ ಅವಕಾಶವಿದೆ. ವಿನ್ಯಾಸ ಸಂಸ್ಥೆಯು ಅನುಕೂಲಕ್ಕಾಗಿ ವಿಳಾಸವನ್ನು ತನ್ನ ಹೆಸರಿನಲ್ಲಿಯೇ ನೋಂದಾಯಿಸಿದ್ದರೆ, ಆ ಸಂಸ್ಥೆ ಮುಚ್ಚಿದಾಗ ಅಥವಾ ಮನಸ್ತಾಪ ಬಂದಾಗ ವರ್ಷಗಳಿಂದ ಜನರಿಗೆ ಪರಿಚಿತವಾದ ವಿಳಾಸವು ಕೈತಪ್ಪುತ್ತದೆ. ಆದ್ದರಿಂದ ನೋಂದಣಿಯು ಗಿರಾಕಿಯ ಹೆಸರಿನಲ್ಲಿರಬೇಕು, ಗುಪ್ತಪದ ಅವರ ಬಳಿಯಲ್ಲಿರಬೇಕು, ನವೀಕರಣದ ಸೂಚನೆ ಅವರಿಗೇ ತಲುಪಬೇಕು.

ಸಿದ್ಧವಾದ ಪುಟದಲ್ಲಿರುವುದು ಅಕ್ಷರವೋ ಚಿತ್ರವೋ ಎಂದು ಹಣ ಸಂದಾಯಕ್ಕೆ ಮುನ್ನ ಯಾರು ಬೇಕಾದರೂ ಪರೀಕ್ಷಿಸಬಹುದು. ಪುಟದಲ್ಲಿ ಕಣ್ಣಿಗೆ ಕಾಣುವ ಯಾವುದಾದರೂ ಕನ್ನಡ ಪದವನ್ನು ಬ್ರೌಸರಿನ ‘ಹುಡುಕು’ ಸೌಲಭ್ಯದಲ್ಲಿ ಯೂನಿಕೋಡಿನಲ್ಲಿ ಬೆರಳಚ್ಚು ಮಾಡಬೇಕು. ಪದವು ಸಿಕ್ಕದಿದ್ದರೆ ಅದು ಚಿತ್ರವಾಗಿರುತ್ತದೆ ಅಥವಾ ಹಳೆಯ ಫಾಂಟಾಗಿರುತ್ತದೆ. ಪುಟವನ್ನು ತಿದ್ದುಪಡಿಗಾಗಿ ಹಿಂದಿರುಗಿಸಬಹುದು.