ಕಲ್ಲಿನಲ್ಲಿ ಉಳಿದ ಜೀವಿಗಳು

ಮುಂಬಯಿಯ ವರ್ಲಿ ಗುಡ್ಡದ ಕಲ್ಲಿನಲ್ಲಿ ಕಪ್ಪೆಗಳು ಸಿಕ್ಕಿವೆ ಎಂದರೆ ಹಲವರು ನಗಬಹುದು. ಆದರೆ ಮಾತು ನಿಜ. ಸುಮಾರು 6.5 ಕೋಟಿ ವರ್ಷಗಳ ಹಿಂದೆ ಸತ್ತ ಪುಟ್ಟ ಕಪ್ಪೆಗಳ ಎಲುಬುಗಳು ಅಲ್ಲಿನ ಪದರಗಲ್ಲಿನಲ್ಲಿ ಉಳಿದುಬಂದಿವೆ. ಇಂಗ್ಲೆಂಡಿನ ಪ್ರಾಣಿಶಾಸ್ತ್ರಜ್ಞ ರಿಚರ್ಡ್ ಓವೆನ್ 1847ರಲ್ಲಿ ಇವುಗಳನ್ನು ವರ್ಣಿಸಿದನು. ಇಂದು ಇವಕ್ಕೆ ಇಂಡೊಬ್ಯಾಟ್ರಕಸ್ ಎಂದು ಹೆಸರು. ಹೀಗೆ ಕಲ್ಲಿನಲ್ಲಿ ಉಳಿದ ಜೀವಿಯ ಗುರುತಿಗೆ ಪಳೆಯುಳಿಕೆ ಎನ್ನುತ್ತಾರೆ.

ಸತ್ತ ಜೀವಿಗಳೆಲ್ಲ ಹೀಗೆ ಉಳಿಯುವುದಿಲ್ಲ. ಬಯಲಿನಲ್ಲಿ ಬಿದ್ದ ಹೆಣವನ್ನು ನಾಯಿನರಿಗಳು ತಿನ್ನುತ್ತವೆ. ಮಿಕ್ಕದ್ದು ಕೊಳೆತು, ಬಿಸಿಲು ಮಳೆಗೆ ಪುಡಿಯಾಗಿ ಹೋಗುತ್ತದೆ. ಉಳಿಯಬೇಕಾದರೆ ಬೇಗನೆ ಹೂತುಹೋಗಬೇಕು. ವರ್ಲಿಯ ಕಪ್ಪೆಗಳು ಅಲುಗದ ನೀರಿನ ತಳದ ಕೆಸರಿನಲ್ಲಿ ಹೂತವು. ಅಂಥ ಕೆಸರಿನಲ್ಲಿ ಗಾಳಿಯಾಡುವುದಿಲ್ಲವಾದ್ದರಿಂದ ಕೊಳೆಯುವುದು ನಿಧಾನ. ಮೇಲೆ ಮೇಲೆ ಕೆಸರು ಕೂಡಿ, ಆ ಭಾರಕ್ಕೆ ತಳದ ಕೆಸರು ಕಲ್ಲಾಯಿತು. ನೀರಿನಲ್ಲಿ ಕರಗಿದ್ದ ಖನಿಜಗಳು ಎಲುಬಿನ ಸಣ್ಣ ರಂಧ್ರಗಳಲ್ಲಿ ಸೇರಿ ಅದನ್ನೂ ಗಟ್ಟಿ ಮಾಡಿದವು.

ಮುಂಬಯಿಯ ಕರಿಕಲ್ಲಾದರೋ ಬೆಂಕಿಯಿಂದ ಹುಟ್ಟಿದ್ದು. ಭೂಮಿ ಬಿರಿದು ಹರಿದ ಲಾವಾರಸ ಆರಿ ಆದ ಕಲ್ಲು ಅದು. ಅದರಲ್ಲಿ ಕಪ್ಪೆ ಉಳಿಯುವುದೆಂತು? ಲಾವಾ ಒಂದೇ ಸಲಕ್ಕೆ ಹರಿಯಲಿಲ್ಲ. ನಡುವೆ ಬಿಡುವಿದ್ದಾಗ ಮಳೆ ಬಂದು ಕೆರೆಗಳಾದವು, ಗಿಡ ಬೆಳೆದವು, ಕಪ್ಪೆ ಆಮೆಗಳು ಬಂದವು. ಮತ್ತೆ ಲಾವಾ ಹರಿದು ಎಲ್ಲವನ್ನೂ ಮುಚ್ಚಿತು. ಖಾತೆ ಪುಸ್ತಕದಲ್ಲಿ ತಾರೀಖು ಬೀಳದ ಒಂದು ಬಾಬ್ತಿನ ಕಾಲವನ್ನು ಹಿಂದುಮುಂದಿನ ತಾರೀಖುಗಳಿಂದ ತಿಳಿಯುವಂತೆ, ಕೆಳಗಿನ ಮತ್ತು ಮೇಲಿನ ಲಾವಾಗಲ್ಲುಗಳ ವಯಸ್ಸಿನಿಂದ ನಡುವಿನ ಕಪ್ಪೆಯ ಕಾಲ ಗೊತ್ತಾಗುತ್ತದೆ. ಕಪ್ಪೆ ಸಾಮಾನ್ಯವಾಗಿ ಉಪ್ಪುನೀರಿನಲ್ಲಿ ಬಾಳುವ ಪ್ರಾಣಿಯಲ್ಲ. ಇಂದು ಸಮುದ್ರದ ಅಂಚಿನಲ್ಲಿರುವ ವರ್ಲಿಯಲ್ಲಿ ಅಂದು ಸಿಹಿನೀರಿತ್ತೆಂಬುದಕ್ಕೆ ಈ ಪುಟ್ಟ ಪ್ರಾಣಿಯೇ ಸಾಕ್ಷಿ.

ಆದರೆ ಎಲುಬುಳ್ಳ ಕಪ್ಪೆ ಜೀವದ ಕಥೆಯಲ್ಲಿ ಬಹಳ ಈಚಿನದು. ಮೊದಲ ಜೀವಿಗಳಿಗೆ ಎಲುಬೂ ಇರಲಿಲ್ಲ, ಚಿಪ್ಪೂ ಇರಲಿಲ್ಲ. ಅವುಗಳ ಗುರುತು ಹುಡುಕಲು ಇನ್ನೂ ಹಳೆಯ ಕಲ್ಲು ಬೇಕು. ಅಂಥ ಕಲ್ಲು ನಮ್ಮ ನಾಡಿನಲ್ಲಿಯೇ ಉಂಟು. ಚಿತ್ರದುರ್ಗ, ತುಮಕೂರು ಕಡೆಯ ಕೆಲವು ಸುಣ್ಣದ ಕಲ್ಲುಗಳು 250 ಕೋಟಿ ವರ್ಷಗಳಿಗೂ ಹಳೆಯವು. ಅವುಗಳಲ್ಲಿ ದೋಸೆಯ ಮೇಲೆ ದೋಸೆ ಇಟ್ಟಂತೆ, ನಡುವೆ ಉಬ್ಬಿದ ತೆಳು ಪದರಗಳು ಕಾಣುತ್ತವೆ. ಇವಕ್ಕೆ ಸ್ಟ್ರೊಮಾಟೊಲೈಟ್ ಎಂದು ಹೆಸರು. ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಆಳವಿಲ್ಲದ ನೀರಿನಲ್ಲಿ ಪಾಚಿಯ ಹಾಗೆ ಹರಡಿ, ತಮ್ಮ ಅಂಟಿಗೆ ಸುಣ್ಣದ ಕಣಗಳನ್ನು ಹಿಡಿದು, ಪದರದ ಮೇಲೆ ಪದರ ಕಟ್ಟಿದವು. ಆಸ್ಟ್ರೇಲಿಯದ ಶಾರ್ಕ್ ಕೊಲ್ಲಿಯಲ್ಲಿ ಇಂಥವು ಇಂದಿಗೂ ಬೆಳೆಯುತ್ತಿರುವುದರಿಂದ ಹಳೆಯವುಗಳ ಅರ್ಥ ನಮಗೆ ತಿಳಿಯುವಂತಾಯಿತು.

ಆ ಕಾಲದ ಗಾಳಿಯಲ್ಲಿ ಆಮ್ಲಜನಕ ಇಲ್ಲವೆನ್ನುವಷ್ಟು ಕಡಿಮೆ. ಬಿಸಿಲಿನ ಬಲದಿಂದ ಆಹಾರ ಮಾಡಿಕೊಳ್ಳುವ ಸೂಕ್ಷ್ಮಜೀವಿಗಳು ಅದನ್ನು ಹೊರಬಿಟ್ಟವು. ಸುಮಾರು 240 ಕೋಟಿ ವರ್ಷಗಳ ಹಿಂದೆ ಗಾಳಿಯಲ್ಲಿ ಅದು ಹೆಚ್ಚತೊಡಗಿತು. ಕಣ್ಣಿಗೆ ಕಾಣುವ ಪ್ರಾಣಿಗಳ ಗುರುತು ಸಿಗುವುದು ಸುಮಾರು 60 ಕೋಟಿ ವರ್ಷಗಳಿಂದ ಈಚೆಗೆ. ಅದಕ್ಕೆ ಮೊದಲು ಭೂಮಿ ಬರಿದಾಗಿರಲಿಲ್ಲ. ಬಹುಕಾಲ ಅದು ಸೂಕ್ಷ್ಮಜೀವಿಗಳದೇ ಆಗಿತ್ತು. ನಾವು ಎಳೆಯುವ ಉಸಿರು ಆ ಜೀವಿಗಳ ಋಣ.

ಈ ದಾಖಲೆಗೆ ಪ್ರತಿ ಇಲ್ಲ. ಜಲ್ಲಿಯಾದ ಮೇಲೆ ಅದನ್ನು ಮತ್ತೆ ಓದಲಾಗದು. ನಮ್ಮಲ್ಲಿ ಅನೇಕರು ಪಾಯ ತೋಡುವವರು, ಕಲ್ಲು ಒಡೆಯುವವರು. ಕಲ್ಲಿನಲ್ಲಿ ಎಲೆ, ಚಿಪ್ಪು, ಎಲುಬಿನಂಥ ಗುರುತು ಕಂಡರೆ ಕೆತ್ತಬೇಡಿ. ಸಿಕ್ಕ ಸ್ಥಳ, ಎಷ್ಟು ಆಳ ಎಂಬುದನ್ನು ಬರೆದಿಟ್ಟು, ಹತ್ತಿರದ ಕಾಲೇಜಿನ ಭೂವಿಜ್ಞಾನ ವಿಭಾಗಕ್ಕೆ ತಿಳಿಸಿರಿ. ಸ್ಥಳ ಗೊತ್ತಿಲ್ಲದ ಕಲ್ಲು ಅರ್ಧ ಮೂಕ.