ಹೇಗೆ ಗೊತ್ತು?



ವಿಜಯನಗರದ ಯಾವುದಾದರೂ ದರ್ಶಿನಿಯಲ್ಲಿ ಕಾಫಿ ಲೋಟ ಹಿಡಿದು ಹತ್ತು ನಿಮಿಷ ನಿಂತು ನೋಡಿ. ಒಂದು ಕಡೆ, ‘ಆ ಫೋನು ತಗೋಬೇಡ, ಬೇಗ ಬಿಸಿಯಾಗುತ್ತೆ’ ಎಂಬ ಬುದ್ಧಿಮಾತು ನಡೆದಿರುತ್ತದೆ. ಪಕ್ಕದಲ್ಲೇ, ‘ಚಂದ್ರನ ಮೇಲೆ ನೀರು ಸಿಕ್ಕಿದೆಯಂತೆ, ಇನ್ನು ಸೈಟು ಹಂಚೋದೊಂದೇ ಬಾಕಿ’ ಎಂಬ ನಗೆಮಾತು. ಮತ್ತೊಂದು ಕಡೆ ಹಿಂದಿನ ರಾತ್ರಿ ನೋಡಿದ ಸಿನಿಮಾದ ವಿಚಾರ: ‘ಅವೆಲ್ಲಾ ಸುಳ್ಳು ಬಿಡೋ, ಸೈನ್ಸೇ ಅಲ್ಲ ಅದು.’

ಹೀಗೆ ಅಭಿಪ್ರಾಯ ಹೇಳುವುದು ತಪ್ಪೇನಲ್ಲ. ಮಾತಿಲ್ಲದಿದ್ದರೆ ಕಾಫಿಗೆ ರುಚಿಯಾದರೂ ಎಲ್ಲಿಯದು? ಮಾತುಕತೆಯ ಕಾರ್ಯಕ್ರಮಗಳನ್ನು ತಯಾರಿಸುವ ನನ್ನಂಥವನ ಉದ್ಯೋಗವೇ ಜನರ ಅಭಿಪ್ರಾಯಗಳ ಮೇಲೆ ನಿಂತಿದೆ. ಆದರೆ ಮೂರು ಬಗೆಯ ಮಾತುಗಳನ್ನು ನಾವು ಒಂದೇ ದನಿಯಲ್ಲಿ ಆಡುತ್ತೇವೆ. ‘ನನಗೆ ಇಷ್ಟವಾಯಿತು’ ಎಂಬುದು ರುಚಿಯ ಮಾತು. ‘ಹೀಗಿರಬಹುದು’ ಎಂಬುದು ಊಹೆ. ‘ಹೀಗೇ ಇದೆ’ ಎಂಬುದು ತಿಳಿವಳಿಕೆಯ ಮಾತು. ಮೊದಲನೆಯದಕ್ಕೆ ಪುರಾವೆ ಬೇಡ. ಎರಡನೆಯದಕ್ಕೆ ಪರೀಕ್ಷೆ ಬೇಕು. ಪರೀಕ್ಷೆಯಲ್ಲಿ ಗೆದ್ದ ಮೇಲಷ್ಟೇ ಅದು ಮೂರನೆಯದಾಗಬಹುದು. ಈ ವ್ಯತ್ಯಾಸವನ್ನು ನಾನು ಬಿ.ಎಸ್ಸಿ. ತರಗತಿಯಲ್ಲಿ ಕಲಿಯಲಿಲ್ಲ. ಬಸವೇಶ್ವರನಗರದಲ್ಲಿರುವ ನನ್ನ ಚಿಕ್ಕಮ್ಮನಿಂದ ಕಲಿತೆ. ಅದನ್ನು ಮೊದಲು ಹೇಳಿಬಿಡುತ್ತೇನೆ.

ಚಿಕ್ಕಮ್ಮನ ಪ್ರಯೋಗ

2021ರ ಮೇ ತಿಂಗಳು. ಕೊರೋನಾದ ಎರಡನೆಯ ಅಲೆ ಬೆಂಗಳೂರನ್ನು ಹಿಡಿದಿತ್ತು. ಚಿಕ್ಕಪ್ಪನಿಗೆ ನಾಲ್ಕು ದಿನಗಳಿಂದ ಜ್ವರ. ರಾತ್ರಿ ಹತ್ತೂವರೆಗೆ ಚಿಕ್ಕಮ್ಮ ಫೋನ್ ಮಾಡಿದರು. ‘ಬೆರಳಿಗೆ ಹಾಕೋ ಮಿಷನ್ನು 88 ತೋರಿಸ್ತಿದೆ ಕಣೋ, ಏನು ಮಾಡೋದು?’

ನಾನು ಸಲೀಸಾಗಿ ಉತ್ತರ ಕೊಟ್ಟೆ: ‘ಚಿಕ್ಕಮ್ಮ, ಆ ಅಗ್ಗದ ಮಿಷನ್ನುಗಳೆಲ್ಲ ಹಾಗೇನೇ. ಬೆರಳು ತಣ್ಣಗಿದ್ದರೆ ಕಡಿಮೆ ತೋರಿಸುತ್ತೆ. ಬೆಳಿಗ್ಗೆ ಇನ್ನೊಂದು ಸಲ ನೋಡಿ.’

ಆ ಕಡೆಯಿಂದ ಒಂದೇ ಪ್ರಶ್ನೆ ಬಂತು: ‘ನಿನಗೆ ಹೇಗೆ ಗೊತ್ತು?’

ನನ್ನಲ್ಲಿ ಉತ್ತರವಿರಲಿಲ್ಲ. ಎಲ್ಲಿಯೋ ಓದಿದ್ದೆ, ಯಾರೋ ಹೇಳಿದ್ದರು, ಅಷ್ಟೇ. ಚಿಕ್ಕಮ್ಮ ಫೋನಿಟ್ಟರು. ಆಮೇಲೆ ಅವರು ಮಾಡಿದ್ದನ್ನು ಗಮನಿಸಿ. ಅದೇ ಉಪಕರಣವನ್ನು ತಮ್ಮ ಬೆರಳಿಗೆ ಹಾಕಿಕೊಂಡರು. 98 ತೋರಿಸಿತು. ಚಿಕ್ಕಪ್ಪನ ಕೈಯನ್ನು ಉಜ್ಜಿ ಬೆಚ್ಚಗೆ ಮಾಡಿ ಎರಡು ನಿಮಿಷ ಬಿಟ್ಟು ಬೇರೆ ಬೆರಳಿಗೆ ಹಾಕಿದರು. 87. ಇನ್ನೊಂದು ಕೈಗೆ ಹಾಕಿದರು. ಮತ್ತೆ 88. ಪಕ್ಕದ ಮನೆಯ ಹುಡುಗನ ಕಾರಿನಲ್ಲಿ ಆ ರಾತ್ರಿಯೇ ಆಸ್ಪತ್ರೆಗೆ ಹೊರಟರು. ಹಾಸಿಗೆ ಸಿಗುವ ಹೊತ್ತಿಗೆ ಬೆಳಗಿನ ಜಾವ ಮೂರು ಗಂಟೆ. ಹನ್ನೊಂದು ದಿನಗಳ ನಂತರ ಚಿಕ್ಕಪ್ಪ ಮನೆಗೆ ಬಂದರು. ನನ್ನ ಮಾತು ಕೇಳಿ ಬೆಳಗಿನವರೆಗೆ ಕಾದಿದ್ದರೆ ಏನಾಗುತ್ತಿತ್ತೋ! ಅದನ್ನು ನೆನೆಯಲು ಇಂದಿಗೂ ನನಗೆ ಧೈರ್ಯವಿಲ್ಲ.

ಚಿಕ್ಕಮ್ಮ ಓದಿದ್ದು ಎಸ್ಸೆಸ್ಸೆಲ್ಸಿಯವರೆಗೆ. ಆದರೆ ಆ ರಾತ್ರಿ ವಿಜ್ಞಾನಿಯಂತೆ ನಡೆದುಕೊಂಡವರು ಅವರೇ. ಉಪಕರಣ ಕೆಟ್ಟಿದೆಯೇ? ಆರೋಗ್ಯವಂತರ ಬೆರಳಲ್ಲಿ ನೋಡು. ಬೆರಳು ತಣ್ಣಗಿದೆಯೇ? ಬೆಚ್ಚಗೆ ಮಾಡಿ ನೋಡು. ನಾನು ಹೇಳಿದ ಎರಡು ಊಹೆಗಳನ್ನೂ ಒಂದೊಂದಾಗಿ ಪರೀಕ್ಷಿಸಿ ಬದಿಗಿಟ್ಟರು. ಪದವಿಯಿದ್ದ ನಾನು ಬರೀ ಅಭಿಪ್ರಾಯ ಹೇಳಿದ್ದೆ.

ಬೆರಳಿನೊಳಗಿನ ಬೆಳಕು

ಈ ಪಲ್ಸ್ ಆಕ್ಸಿಮೀಟರ್ ಕೆಲಸ ಮಾಡುವ ಕ್ರಮವನ್ನು ಸ್ವಲ್ಪ ನೋಡೋಣ. ಅದರ ಒಂದು ದವಡೆಯಲ್ಲಿ ಎರಡು ಪುಟ್ಟ ದೀಪಗಳಿವೆ. ಒಂದು ಕೆಂಪು ಬೆಳಕಿನದು, ತರಂಗಾಂತರ ಸುಮಾರು 660 ನ್ಯಾನೋಮೀಟರ್. ಇನ್ನೊಂದು ಕಣ್ಣಿಗೆ ಕಾಣದ ಅವಕೆಂಪು ಕಿರಣದ್ದು, ಸುಮಾರು 940 ನ್ಯಾನೋಮೀಟರ್. (ಒಂದು ಮೀಟರನ್ನು ನೂರು ಕೋಟಿ ಭಾಗ ಮಾಡಿದರೆ ಅದರಲ್ಲಿ ಒಂದು ಭಾಗವೇ ನ್ಯಾನೋಮೀಟರ್.) ಎದುರು ದವಡೆಯಲ್ಲಿ, ಬೆರಳನ್ನು ಹಾದು ಬಂದ ಬೆಳಕನ್ನು ಅಳೆಯುವ ಸಂವೇದಕವಿದೆ. ಆಮ್ಲಜನಕ ತುಂಬಿದ ರಕ್ತ ಅವಕೆಂಪನ್ನು ಹೆಚ್ಚು ಹೀರುತ್ತದೆ, ಕೆಂಪನ್ನು ಹೆಚ್ಚಾಗಿ ಬಿಟ್ಟುಕೊಡುತ್ತದೆ. ಆಮ್ಲಜನಕ ಕಡಿಮೆಯಾದ ರಕ್ತದ್ದು ಇದಕ್ಕೆ ವಿರುದ್ಧವಾದ ನಡತೆ. ಎರಡರ ಅನುಪಾತದಿಂದ ಉಪಕರಣ ಶೇಕಡಾವಾರು ಲೆಕ್ಕ ಹಾಕುತ್ತದೆ. ನಾಡಿ ಮಿಡಿದಂತೆಲ್ಲ ಏರಿಳಿಯುವ ಭಾಗವನ್ನು ಮಾತ್ರ ಅದು ಗಣನೆಗೆ ತೆಗೆದುಕೊಳ್ಳುತ್ತದೆ. ಆದ್ದರಿಂದ ಚರ್ಮ, ಮೂಳೆಗಳ ಲೆಕ್ಕ ಬಿಟ್ಟುಹೋಗಿ ಅಪಧಮನಿಯ ರಕ್ತದ ಲೆಕ್ಕ ಉಳಿಯುತ್ತದೆ.

ಬೆರಳು ತಣ್ಣಗಿದ್ದರೆ ರಕ್ತಸಂಚಾರ ತಗ್ಗಿ ಮಿಡಿತ ಕ್ಷೀಣವಾಗಿ ಅಳತೆ ತಪ್ಪಬಹುದು. ಉಗುರಿನ ಬಣ್ಣವೂ ಅಡ್ಡಿಯಾಗಬಹುದು. ಆದುದರಿಂದ ನನ್ನ ಊಹೆ ಪೂರ್ತಿ ಬುಡವಿಲ್ಲದ್ದಾಗಿರಲಿಲ್ಲ. ಅಪಾಯವಿದ್ದದ್ದೂ ಅಲ್ಲಿಯೇ. ಪೂರ್ತಿ ಸುಳ್ಳನ್ನು ಯಾರೂ ನಂಬುವುದಿಲ್ಲ, ಅರ್ಧ ನಿಜವನ್ನು ನಂಬುತ್ತಾರೆ. ಇನ್ನೊಂದು ಸಂಗತಿ: ಚರ್ಮದ ಬಣ್ಣ ಗಾಢವಾಗಿದ್ದಾಗ ಈ ಉಪಕರಣ ನಿಜಕ್ಕಿಂತ ಹೆಚ್ಚು ತೋರಿಸುವ ಸಾಧ್ಯತೆ ಇದೆ ಎಂದು 2020ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದು ಎಚ್ಚರಿಸಿತು. ಎಂದರೆ ತಪ್ಪು ಎರಡೂ ದಿಕ್ಕಿಗೆ ಆಗಬಹುದು. ಅಳತೆ 94ಕ್ಕಿಂತ ಕೆಳಗಿಳಿದರೆ, ಅಥವಾ ಅಂಕಿ ಚೆನ್ನಾಗಿದ್ದೂ ಉಸಿರಾಟ ಕಷ್ಟವಾದರೆ, ವೈದ್ಯರನ್ನು ಕಾಣಬೇಕೇ ಹೊರತು ನನ್ನಂಥ ನೆಂಟನನ್ನಲ್ಲ.

ಆ ಕಾಣದ ಅವಕೆಂಪು ಕಿರಣವನ್ನು ನೀವೇ ಕಾಣಬಹುದು. ಟಿ.ವಿ. ರಿಮೋಟ್ ತೆಗೆದುಕೊಳ್ಳಿ. ಅದರ ಮೂತಿಯಲ್ಲಿರುವ ಪುಟ್ಟ ಬಲ್ಬನ್ನು ಮೊಬೈಲಿನ ಕ್ಯಾಮೆರಾದ ಎದುರು ಹಿಡಿದು ಗುಂಡಿ ಒತ್ತಿ. ಬರಿಗಣ್ಣಿಗೆ ಏನೂ ಕಾಣದಿದ್ದರೂ ಫೋನಿನ ಪರದೆಯಲ್ಲಿ ಬಲ್ಬು ನಸು ನೇರಳೆಯಾಗಿ ಮಿನುಗುತ್ತದೆ. ಕಾಣಲಿಲ್ಲವೇ? ‘ಲೇಖನ ಸುಳ್ಳು’ ಎನ್ನುವ ಮೊದಲು ಸೆಲ್ಫಿ ಕ್ಯಾಮೆರಾದಲ್ಲಿ ನೋಡಿ. ಅನೇಕ ಫೋನುಗಳ ಹಿಂಬದಿಯ ಕ್ಯಾಮೆರಾಕ್ಕೆ ಅವಕೆಂಪನ್ನು ತಡೆಯುವ ಸೋಸುಗಾಜು ಇರುತ್ತದೆ. ಆಗಲೂ ಕಾಣದಿದ್ದರೆ ರಿಮೋಟಿನ ಸೆಲ್ ಪರೀಕ್ಷಿಸಿ. ನಿಮ್ಮದು ಬ್ಲೂಟೂತ್ ರಿಮೋಟ್ ಆಗಿದ್ದರೆ ಅದು ರೇಡಿಯೋ ಅಲೆಗಳಿಂದ ಕೆಲಸ ಮಾಡುತ್ತದೆ, ಅವಕೆಂಪಿನಿಂದಲ್ಲ. ಹೀಗೆ ಒಂದು ಪ್ರಯೋಗ ವಿಫಲವಾದರೆ ಕಾರಣ ಹುಡುಕುತ್ತಾ ಹೋಗಬೇಕು. ಚಿಕ್ಕಮ್ಮ ಮಾಡಿದ್ದೂ ಇದನ್ನೇ.

ಪೀಣ್ಯದಲ್ಲಿ ಕುಳಿತು ಚಂದ್ರನ ಮೇಲೆ

ಇನ್ನು ವಿಜ್ಞಾನದ ಸುದ್ದಿಗಳು. 2023ರ ಆಗಸ್ಟ್ 23ರ ಸಂಜೆ 6 ಗಂಟೆ 4 ನಿಮಿಷಕ್ಕೆ ಚಂದ್ರಯಾನ-3ರ ವಿಕ್ರಮ್ ಚಂದ್ರನ ನೆಲದ ಮೇಲೆ ಮೆಲ್ಲಗೆ ಇಳಿದಾಗ ನಾವೆಲ್ಲರೂ ಟಿ.ವಿ. ಮುಂದಿದ್ದೆವು. ನಿಯಂತ್ರಣ ಕೇಂದ್ರವಿದ್ದದ್ದು ರಾಜಾಜಿನಗರಕ್ಕೆ ಹತ್ತಿರದ ಪೀಣ್ಯದಲ್ಲಿ, ಇಸ್ರೋದ ಇಸ್ಟ್ರ್ಯಾಕ್ ಸಂಸ್ಥೆಯಲ್ಲಿ. ಮರುದಿನ ನಮ್ಮ ಬೀದಿಯಲ್ಲಿ ಕೇಳಿದ ಮಾತು: ‘ಪೀಣ್ಯದಲ್ಲಿ ಕೂತು ವಿಡಿಯೋ ಗೇಮ್ ಥರ ಇಳಿಸಿಬಿಟ್ಟರು ನೋಡಿ!’

ಅಭಿಮಾನದ ಮಾತು ನಿಜ. ಆದರೆ ಸರಿಯೇ? ಲೆಕ್ಕ ಹಾಕಿ. ಚಂದ್ರನಿಗೆ ಸರಾಸರಿ ದೂರ 3 ಲಕ್ಷ 84 ಸಾವಿರ ಕಿಲೋಮೀಟರ್. ರೇಡಿಯೋ ಅಲೆಯ ವೇಗ ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್. ಒಂದು ದಿಕ್ಕಿಗೆ 1.28 ಸೆಕೆಂಡು, ಹೋಗಿ ಬರಲು 2.56 ಸೆಕೆಂಡು. ಇಳಿಕೆ ಆರಂಭವಾದಾಗ ವಿಕ್ರಮ್ ಸೆಕೆಂಡಿಗೆ ಸುಮಾರು 1.7 ಕಿಲೋಮೀಟರ್ ವೇಗದಲ್ಲಿತ್ತು. ‘ಇಲ್ಲೊಂದು ತೊಂದರೆ ಇದೆ’ ಎಂಬ ಸುದ್ದಿ ಇಲ್ಲಿಗೆ ಬಂದು, ನಾವು ಕೊಟ್ಟ ಆಜ್ಞೆ ಅಲ್ಲಿಗೆ ತಲುಪುವಷ್ಟರಲ್ಲಿ ಅದು ನಾಲ್ಕು ಕಿಲೋಮೀಟರಿಗೂ ಹೆಚ್ಚು ಮುಂದೆ ಹೋಗಿರುತ್ತದೆ! ಆದ್ದರಿಂದ ಕೊನೆಯ ಸುಮಾರು 19 ನಿಮಿಷಗಳ ಇಳಿಕೆಯಲ್ಲಿ ತೀರ್ಮಾನಗಳನ್ನೆಲ್ಲ ಕೈಗೊಂಡದ್ದು ವಿಕ್ರಮ್‌ನಲ್ಲಿದ್ದ ಗಣಕಗಳೇ. ಪೀಣ್ಯದವರು ನಮ್ಮಂತೆಯೇ ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಅವರ ಸಾಧನೆ ಇದರಿಂದ ಕಡಿಮೆಯಾಗಲಿಲ್ಲ, ಹೆಚ್ಚಾಯಿತು. 2019ರ ಸೆಪ್ಟೆಂಬರ್ 7ರಂದು ಚಂದ್ರಯಾನ-2ರ ಇಳಿಕೆ ವಿಫಲವಾದಾಗ ಏನೇನು ತಪ್ಪಿತೆಂದು ಹುಡುಕಿ, ಅವನ್ನೆಲ್ಲ ತಾನೇ ನಿಭಾಯಿಸುವಂತೆ ಯಂತ್ರಕ್ಕೆ ಮೊದಲೇ ಕಲಿಸಿ ಕಳುಹಿಸಿದ್ದರು.

ಅಷ್ಟು ದೂರದ ಕ್ಷೀಣ ಸಂಕೇತಗಳನ್ನು ಹಿಡಿಯುವ ಕಿವಿಯೂ ನಮ್ಮ ಪಶ್ಚಿಮ ಬೆಂಗಳೂರಿನ ದಿಕ್ಕಿನಲ್ಲಿಯೇ ಇದೆ. ಕೆಂಗೇರಿ ದಾಟಿ ಇನ್ನೂ ಮುಂದೆ ಹೋದರೆ ಬ್ಯಾಲಾಳು ಗ್ರಾಮ. ಅಲ್ಲಿ 32 ಮೀಟರ್ ಮತ್ತು 18 ಮೀಟರ್ ವ್ಯಾಸದ ಎರಡು ದೊಡ್ಡ ಆಂಟೆನಾಗಳು 2008ರಲ್ಲಿ, ಚಂದ್ರಯಾನ-1ರ ಹೊತ್ತಿಗೆ ಕೆಲಸ ಆರಂಭಿಸಿದವು. ತಟ್ಟೆಯಂತೆ ತಗ್ಗಾದ ಆ ಜಾಗ ಸುತ್ತಲಿನ ರೇಡಿಯೋ ಗದ್ದಲವನ್ನು ತಡೆಯುತ್ತದೆ.

‘ಚಂದ್ರನ ಮೇಲೆ ನೀರು’ ಎಂಬ ಸುದ್ದಿಗೂ ಚಂದ್ರಯಾನ-1ಕ್ಕೂ ಸಂಬಂಧವಿದೆ. ಅದರಲ್ಲಿದ್ದ ನಾಸಾದ ಉಪಕರಣವೊಂದರ ಫಲಿತಾಂಶ 2009ರ ಸೆಪ್ಟೆಂಬರಿನಲ್ಲಿ ಪ್ರಕಟವಾಯಿತು. ಸಿಕ್ಕಿದ್ದು ಕೆರೆಯಲ್ಲ, ಹೊಂಡವಲ್ಲ. ಮೇಲ್ಮಣ್ಣಿನ ಕಣಗಳಿಗೆ ಅಂಟಿದ ಅತ್ಯಲ್ಪ ನೀರಿನ ಮತ್ತು ಹೈಡ್ರಾಕ್ಸಿಲ್‌ನ ಗುರುತು. ಶೀರ್ಷಿಕೆಯಲ್ಲಿ ‘ನೀರು’ ಎಂಬ ಒಂದೇ ಪದವಿತ್ತು, ಉಳಿದದ್ದನ್ನು ನಮ್ಮ ಕಲ್ಪನೆ ತುಂಬಿಕೊಂಡಿತು.

ಸುದ್ದಿ ಓದುವಾಗ ಇನ್ನೊಂದು ಪ್ರಶ್ನೆ ಕೇಳಿಕೊಳ್ಳಿ: ಬೇರೆಯವರೂ ಮಾಡಿ ನೋಡಿದರೇ? 2023ರ ಜುಲೈಯಲ್ಲಿ ದಕ್ಷಿಣ ಕೊರಿಯಾದ ತಂಡವೊಂದು, ಸಾಮಾನ್ಯ ಉಷ್ಣತೆಯಲ್ಲಿಯೇ ವಿದ್ಯುತ್ತಿಗೆ ಯಾವ ತಡೆಯನ್ನೂ ಒಡ್ಡದ ಎಲ್‌ಕೆ-99 ಎಂಬ ಪದಾರ್ಥ ಮಾಡಿದ್ದೇವೆಂದಿತು. ಇನ್ನು ಕರೆಂಟಿನ ಸಮಸ್ಯೆಯೇ ಮುಗಿಯಿತು ಎಂದು ಜಗತ್ತು ಹಿಗ್ಗಿತು. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯವೂ ಸೇರಿ ಹಲವು ದೇಶಗಳ ತಂಡಗಳು ಅದನ್ನು ತಯಾರಿಸಿ ನೋಡಿದವು. ಆ ಗುಣ ಸಿಗಲಿಲ್ಲ. ಕಲಬೆರಕೆಯಾಗಿದ್ದ ತಾಮ್ರದ ಸಲ್ಫೈಡು ಸುಮಾರು 100 ಡಿಗ್ರಿಯ ಆಸುಪಾಸಿನಲ್ಲಿ ತನ್ನ ಸ್ವರೂಪ ಬದಲಿಸುವಾಗ ರೋಧ ಥಟ್ಟನೆ ಇಳಿಯುತ್ತದೆ, ಅದೇ ಮೋಸ ಮಾಡಿತ್ತು ಎಂಬುದು ಕೆಲವೇ ವಾರಗಳಲ್ಲಿ ಹೊರಬಿತ್ತು. ವಿಜ್ಞಾನ ಸೋತಿತೆಂದು ಕೆಲವರೆಂದರು. ನಾನಾದರೋ ಅದು ಗೆದ್ದ ಬಗೆಯೇ ಇದು ಎನ್ನುತ್ತೇನೆ.

ಸಿನಿಮಾಕ್ಕೆ ಎಷ್ಟು ಅಂಕ?

ನಾನು ಕಾಲೇಜಿನಲ್ಲಿದ್ದಾಗ, 1998ರಲ್ಲಿ, ದೂರದರ್ಶನದಲ್ಲಿ ‘ಕ್ಯಾಪ್ಟನ್ ವ್ಯೋಮ್’ ಬರುತ್ತಿತ್ತು. 2002ರಲ್ಲಿ ಕನ್ನಡದ ‘ಹಾಲಿವುಡ್’ ಚಿತ್ರದಲ್ಲಿ ಉಪೇಂದ್ರ ರೋಬೋ ಆಗಿಯೂ ನಟಿಸಿದರು. ಪುಸ್ತಕ ಓದುವವರಿಗೆ ರಾಜಶೇಖರ ಭೂಸನೂರಮಠರ ವೈಜ್ಞಾನಿಕ ಕಥೆಗಳಿದ್ದವು. ಇಂಥವುಗಳಲ್ಲಿ ತಪ್ಪು ಹುಡುಕುವುದೇ ಆಗ ನಮಗೊಂದು ದೊಡ್ಡಸ್ತಿಕೆ. ಗಾಳಿಯಿಲ್ಲದ ಬಾಹ್ಯಾಕಾಶದಲ್ಲಿ ಸ್ಫೋಟದ ಸದ್ದು ಕೇಳಿಸಿತೋ, ‘ಇದು ಸೈನ್ಸೇ ಅಲ್ಲ’ ಎಂದು ತೀರ್ಪು ಕೊಟ್ಟು ಏಳುತ್ತಿದ್ದೆವು.

ಇಂದು ನನಗೆ ಆ ತೀರ್ಪು ಸಾಲದೆನ್ನಿಸುತ್ತದೆ. ಫ್ರೆಂಚ್ ಲೇಖಕ ಜೂಲ್ಸ್ ವೆರ್ನ್ 1865ರಲ್ಲಿ ಬರೆದ ಚಂದ್ರಯಾತ್ರೆಯ ಕಾದಂಬರಿಯನ್ನೇ ನೋಡಿ. 900 ಅಡಿ ಉದ್ದದ ಫಿರಂಗಿಯಿಂದ ಮನುಷ್ಯರನ್ನು ಚಂದ್ರನತ್ತ ಹಾರಿಸುತ್ತಾನೆ. ಬೇಕಾದ ವೇಗ ಸೆಕೆಂಡಿಗೆ ಸುಮಾರು 11 ಕಿಲೋಮೀಟರ್ ಎಂದು ಸರಿಯಾಗಿಯೇ ಲೆಕ್ಕ ಹಾಕಿದ್ದ. ಫಿರಂಗಿಯನ್ನು ಫ್ಲಾರಿಡಾದಲ್ಲಿ ಇಡಿಸಿದ್ದ. ಒಂದು ಶತಮಾನದ ನಂತರ ಅಪೊಲೋ ಗಗನಯಾತ್ರಿಗಳು ಹೊರಟಿದ್ದು ಅದೇ ಫ್ಲಾರಿಡಾದಿಂದ! ಆದರೆ ನಿಮ್ಮ ಪಿ.ಯು.ಸಿ. ಸೂತ್ರ ಹಾಕಿ ನೋಡಿ: ವೇಗದ ವರ್ಗವನ್ನು ದೂರದ ಎರಡರಷ್ಟರಿಂದ ಭಾಗಿಸಿದರೆ ವೇಗೋತ್ಕರ್ಷ. 900 ಅಡಿ ಎಂದರೆ 274 ಮೀಟರ್. ಉತ್ತರ, ಗುರುತ್ವದ ಸುಮಾರು 22 ಸಾವಿರ ಪಟ್ಟು. ಪ್ರಯಾಣಿಕರು ಫಿರಂಗಿಯ ಬಾಯಿ ದಾಟುವ ಮೊದಲೇ ಅಪ್ಪಚ್ಚಿ! ನಿಧಾನವಾಗಿ, ನಿಮಿಷಗಟ್ಟಲೆ ವೇಗ ಹೆಚ್ಚಿಸುವ ರಾಕೆಟ್ಟೇ ಏಕೆ ಬೇಕು ಎಂಬುದು ಈ ಒಂದು ತಪ್ಪಿನಿಂದಲೇ ಮನದಟ್ಟಾಗುತ್ತದೆ.

ಆದುದರಿಂದ ವೈಜ್ಞಾನಿಕ ಸಿನಿಮಾ ನೋಡುವಾಗ ಎರಡು ಖಾತೆ ಇಟ್ಟುಕೊಳ್ಳಿ. ಒಂದು ರುಚಿಯ ಖಾತೆ: ಕಥೆ ಹಿಡಿಸಿತೇ? ಅಲ್ಲಿ ನೀವೇ ರಾಜರು. ಇನ್ನೊಂದು ಲೆಕ್ಕದ ಖಾತೆ: ಇದು ನಿಜವಾಗಬೇಕಾದರೆ ಏನೇನು ಬೇಕು? ಅಲ್ಲಿ ಪೆನ್ಸಿಲ್ಲೇ ರಾಜ. ಎರಡನ್ನೂ ಬೆರೆಸಬೇಡಿ. ಕಥೆ ಸೊಗಸಾಗಿದೆಯೆಂದು ಅದರ ವಿಜ್ಞಾನ ನಿಜವಾಗುವುದಿಲ್ಲ. ವಿಜ್ಞಾನ ತಪ್ಪಿದೆಯೆಂದು ಕಥೆ ಕೆಡಬೇಕಾಗಿಯೂ ಇಲ್ಲ.

ಕೊನೆಯ ಮಾತು

1990ರ ದಶಕದ ಆರಂಭದಲ್ಲಿ ದೂರದರ್ಶನದಲ್ಲಿ ನಮ್ಮ ಗಿರೀಶ ಕಾರ್ನಾಡರು ನಡೆಸಿಕೊಟ್ಟ ‘ಟರ್ನಿಂಗ್ ಪಾಯಿಂಟ್’ ವಿಜ್ಞಾನ ಕಾರ್ಯಕ್ರಮದಲ್ಲಿ ಪ್ರೊಫೆಸರ್ ಯಶ್ ಪಾಲ್ ವೀಕ್ಷಕರ ಪ್ರಶ್ನೆಗಳಿಗೆ ಉತ್ತರ ಕೊಡುತ್ತಿದ್ದರು. ಹುಡುಗನಾಗಿದ್ದ ನಾನು ಉತ್ತರಗಳನ್ನು ಬೆರಗಿನಿಂದ ಕೇಳಿಸಿಕೊಳ್ಳುತ್ತಿದ್ದೆ. ಪ್ರಶ್ನೆಗಳ ಬೆಲೆ ತಿಳಿದದ್ದು ಬಹಳ ತಡವಾಗಿ, ಒಂದು ರಾತ್ರಿ ಹತ್ತೂವರೆಗೆ.

ಮಿತ್ರರೇ, ಅಭಿಪ್ರಾಯ ಹೇಳುವುದನ್ನು ನಿಲ್ಲಿಸಬೇಡಿ. ‘ಅನ್ನಿಸುತ್ತದೆ’ ಎಂದಿರುವ ಕಡೆ ‘ಅನ್ನಿಸುತ್ತದೆ’ ಎಂದೇ ಹೇಳಿ. ‘ಗೊತ್ತು’ ಎಂದಿರೋ, ಹೇಗೆ ಗೊತ್ತೆಂದು ಹೇಳಲು ಸಿದ್ಧರಾಗಿರಿ. ಯಾರದಾದರೂ ಆರೋಗ್ಯ, ಹಣ, ಪ್ರಾಣ ನಿಮ್ಮ ಮಾತಿಗೆ ಕಾದು ನಿಂತಿರುವಾಗ, ‘ನನಗೆ ಗೊತ್ತಿಲ್ಲ, ತಿಳಿದವರನ್ನು ಕೇಳೋಣ’ ಎನ್ನುವುದಕ್ಕೆ ನಾಚಬೇಡಿ.

ನಮ್ಮ ಚಿಕ್ಕಪ್ಪ ಈಗಲೂ ದಿನಾ ಬೆಳಿಗ್ಗೆ ನಡೆದಾಡಿಕೊಂಡು ಬರುತ್ತಾರೆ. ಟಿ.ವಿ.ಯಲ್ಲಿ ನನ್ನ ಕಾರ್ಯಕ್ರಮ ನೋಡಿ ತಪ್ಪದೆ ಫೋನ್ ಮಾಡುತ್ತಾರೆ. ಹಿಂದಿನಿಂದ ಚಿಕ್ಕಮ್ಮನ ದನಿ ಕೇಳಿಸುತ್ತದೆ: ‘ಅವರು ಹೇಳಿದ್ದಕ್ಕೆ ಹೇಗೆ ಗೊತ್ತು ಅಂತ ಕೇಳಿದೆಯೇನೋ?’ ಅಂದಿನಿಂದ ನನ್ನ ಪ್ರತಿ ಕಾರ್ಯಕ್ರಮದ ಪ್ರಶ್ನೆಗಳ ಪಟ್ಟಿಯಲ್ಲಿ ಮೊದಲನೆಯದು ಅದೇ.

ರಿಮೋಟಿನ ಪ್ರಯೋಗ ಮಾಡಿ ನೋಡಿ. ಏನು ಕಂಡಿತು, ಏನು ಕಾಣಲಿಲ್ಲ, ಏಕೆ ಎಂದು ಒಂದು ಕಾರ್ಡು ಬರೆಯಿರಿ. ಕಾಣಲಿಲ್ಲ ಎಂದವರ ಪತ್ರಗಳನ್ನು ನಾವು ಹೆಚ್ಚು ಆಸಕ್ತಿಯಿಂದ ಓದುತ್ತೇವೆ.