ಮಳೆಗಾಲಕ್ಕೆ ಮರದ ಹಾಲಿನ ಬೂಟು

ಪ್ರಶ್ನೆ: ನಮ್ಮ ಆಲೂರು, ಸಕಲೇಶಪುರದ ಮಳೆ ತಡೆಯುವಂಥ, ಗಿಡಮೂಲದ ಪಾದರಕ್ಷೆ ಇದೆಯೆ?

ಉತ್ತರ: ಇದೆ. ಚರ್ಮದ ಚಪ್ಪಲಿಗಂತೂ ಆಷಾಢದಲ್ಲೇ ಬೂಷ್ಟು. ನಿಮಗೆ ಬೇಕಾದ್ದು ಘಟ್ಟದ ಕೆಳಗಿನ ಸುಳ್ಯ, ಪುತ್ತೂರಿನ ತೋಟಗಳಲ್ಲಿ ಬೆಳೆಯುತ್ತದೆ: ರಬ್ಬರ್. ಮರದ ಹಾಲಿನಿಂದಾದ ಈ ರಬ್ಬರಿಗೆ ಗಂಧಕ ಬೆರೆಸಿ ಕಾಯಿಸಿದರೆ ಬಿಸಿಲಿಗೆ ಅಂಟಾಗದು, ಚಳಿಗೆ ಬಿರಿಯದು. ಚಾರ್ಲ್ಸ್ ಗುಡ್‌ಇಯರ್ 1844ರಲ್ಲಿ ಪೇಟೆಂಟ್ ಪಡೆದ ವಿದ್ಯೆಯಿದು. ಆದರೆ ಕಾಫಿ ತೋಟಕ್ಕೆ ಹಾಕುವ ಗಂಬೂಟುಗಳಲ್ಲಿ ಹಲವು ಪಿವಿಸಿ, ಅಂದರೆ ಪ್ಲಾಸ್ಟಿಕ್ಕು; ರಬ್ಬರ್ ಅಟ್ಟೆಯೂ ಪೆಟ್ರೋಲಿಯಂನಿಂದ ಬಂದದ್ದಿರಬಹುದು. ಸಹಜ ರಬ್ಬರೇ ಎಂದು ಕೇಳಿ ಕೊಳ್ಳಿ. ‘ವೀಗನ್ ಲೆದರ್’ ಚೀಟಿಗೆ ಮರುಳಾಗಬೇಡಿ, ಬಹುಪಾಲು ಪಾಲಿಯುರೆಥೇನ್ ಲೇಪವೇ. ಬೇಸಿಗೆಗೆ ಹತ್ತಿಯ ಕ್ಯಾನ್ವಾಸ್ ಸಾಕು. ಅಡಿಕೆ ಹಾಳೆಯ ಚಪ್ಪಲಿ ಚಂದ, ಮನೆಯೊಳಗೆ ಮಾತ್ರ. ಇಂಬಳ ಮಾತ್ರ ಯಾವ ಬೂಟಿಗೂ ಹೆದರದು!